ಸ್ವತಂತ್ರ ಪ್ರಯಾಣ ತರಬೇತಿ: ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು

ಸ್ವತಂತ್ರ ಪ್ರಯಾಣ ತರಬೇತಿ ಎಂದರೆ ವಿಕಲತೆಯ ಕಾರಣ ಕಲಿಕೆಯಲ್ಲಿ ಅಥವಾ ಓಡಾಟದಲ್ಲಿ ಹೆಚ್ಚಿನ ನೆರವು ಬೇಕಾಗುವ ಮಕ್ಕಳಿಗೂ ಯುವಜನರಿಗೂ ಮನೆಯಿಂದ ಶಾಲೆ, ತರಬೇತಿ ಕೇಂದ್ರ, ಆಸ್ಪತ್ರೆ, ಕೆಲಸದ ಜಾಗಗಳಿಗೆ ಜೊತೆಗಾರರಿಲ್ಲದೆ ಹೋಗಿಬರುವುದನ್ನು ಹಂತ ಹಂತವಾಗಿ ಕಲಿಸುವ ಶಿಕ್ಷಣಕ್ರಮ. ಇದು ವಿಶೇಷ ಶಿಕ್ಷಣದ ಒಂದು ಅಂಗ. ನಡಿಗೆ, ರಸ್ತೆ ದಾಟುವುದು, ಬಸ್ಸು ಮತ್ತು ರೈಲಿನ ಬಳಕೆ, ಹಣ ಮತ್ತು ಸಮಯದ ಅರಿವು, ದಾರಿ ತಪ್ಪಿದಾಗ ನೆರವು ಕೇಳುವುದು ಇದರ ಪಾಠಗಳು.

ಈ ಲೇಖನ ತಮಿಳುನಾಡಿನ ಪಶ್ಚಿಮ ಭಾಗದ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಿಗೆ ಸಂಬಂಧಿಸಿದೆ. ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ 2009ರಲ್ಲಿ ತಿರುಪ್ಪೂರು ಜಿಲ್ಲೆಯನ್ನು ರಚಿಸಲಾಯಿತು. 2011ರ ಜನಗಣತಿಯಂತೆ ಕೊಯಮತ್ತೂರು ಜಿಲ್ಲೆಯ ಜನಸಂಖ್ಯೆ 34,58,045. ತಿರುಪ್ಪೂರು ಜಿಲ್ಲೆಯದು 24,79,052. ಅದೇ ಗಣತಿಯಲ್ಲಿ ತಮಿಳುನಾಡಿನಾದ್ಯಂತ 11,79,963 ವಿಕಲಚೇತನರನ್ನು ದಾಖಲಿಸಲಾಗಿದೆ. ಈ ಪ್ರದೇಶ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ದೇವಾಂಗ, ಒಕ್ಕಲಿಗ ಮೊದಲಾದ ಸಮುದಾಯಗಳ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡ ಮನೆಮಾತು.

ಪರಿಭಾಷೆ

ಸಮಗ್ರ ಶಿಕ್ಷಾ ಯೋಜನೆಯು ಶಾಲಾ ವಯಸ್ಸಿನವರನ್ನು ‘ವಿಶೇಷ ಅಗತ್ಯವುಳ್ಳ ಮಕ್ಕಳು’ ಎಂದು ಕರೆಯುತ್ತದೆ. ಕರ್ನಾಟಕ ಸರ್ಕಾರದ ಬಳಕೆ ‘ವಿಕಲಚೇತನರು’. ತಮಿಳುನಾಡು ಸರ್ಕಾರದ್ದು ‘ಮಾಟ್ರುತ್ತಿರನಾಳಿ’. ಕುರುಡರಿಗೆ ಮತ್ತು ಮಂದದೃಷ್ಟಿಯವರಿಗೆ ಬಿಳಿಕೋಲು, ಶಬ್ದ, ಸ್ಪರ್ಶಗಳ ಆಧಾರದಲ್ಲಿ ದಿಕ್ಕು ಗುರುತಿಸಿ ನಡೆಯಲು ಕಲಿಸುವುದಕ್ಕೆ ‘ಓರಿಯೆಂಟೇಶನ್ ಮತ್ತು ಮೊಬಿಲಿಟಿ’ ಎಂಬ ಹೆಸರು ರೂಢಿಯಲ್ಲಿದ್ದು, ಇಲ್ಲಿ ಅದನ್ನು ‘ಚಲನವಲನ ತರಬೇತಿ’ ಎಂದು ಕರೆಯಲಾಗಿದೆ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದವು ಇರುವವರಿಗೆ ನಿರ್ದಿಷ್ಟ ದಾರಿಗಳ ಪ್ರಯಾಣವನ್ನು ಕಲಿಸುವುದು ‘ಪ್ರಯಾಣ ತರಬೇತಿ’. ‘ಸ್ವತಂತ್ರ ಪ್ರಯಾಣ ತರಬೇತಿ’ ಎಂಬುದು ಎರಡನ್ನೂ ಒಳಗೊಳ್ಳುವ ಪದ. ‘ಜೊತೆಗಾರ’ ಎಂದರೆ ರಿಯಾಯಿತಿ ನಿಯಮಗಳಲ್ಲಿ ಹೇಳಿರುವ ಸಹಪ್ರಯಾಣಿಕ.

ಉಗಮ ಮತ್ತು ಬೆಳವಣಿಗೆ

ಈ ಶಿಕ್ಷಣಕ್ರಮದ ಹಳೆಯ ಶಾಖೆ ಚಲನವಲನ ತರಬೇತಿ. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಉದ್ದ ಕೋಲಿನ ವಿಧಾನವನ್ನು ರೂಪಿಸಿದರು. 1960ರ ದಶಕದ ಆರಂಭದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಈ ವಿಧಾನದ ಶಿಕ್ಷಕರನ್ನು ತಯಾರು ಮಾಡತೊಡಗಿದವು. ಬೌದ್ಧಿಕ ವಿಕಲತೆಯುಳ್ಳವರಿಗೆ ಪ್ರಯಾಣ ಕಲಿಸುವ ಕ್ರಮ ಇದಾದ ಮೇಲೆ ಬೆಳೆಯಿತು. ಅವರನ್ನು ಎಲ್ಲ ಅಪಾಯಗಳಿಂದ ದೂರವಿಡುವುದು ಅವರ ಘನತೆಯನ್ನು ಕುಂದಿಸುತ್ತದೆ ಎಂಬ ವಾದವನ್ನು ಅಮೆರಿಕದ ರಾಬರ್ಟ್ ಪರ್ಸ್ಕೆ 1972ರಲ್ಲಿ ಮಂಡಿಸಿದರು. ಅಮೆರಿಕದ ವಿಶೇಷ ಶಿಕ್ಷಣ ಕಾಯ್ದೆಗೆ 1997ರಲ್ಲಿ ತಿದ್ದುಪಡಿಯಾದ ನಂತರ ಬಂದ ನಿಯಮಗಳು ಪ್ರಯಾಣ ತರಬೇತಿಯನ್ನು ವಿಶೇಷ ಶಿಕ್ಷಣದ ಭಾಗವೆಂದು ಹೆಸರಿಸಿದವು.

ಭಾರತದಲ್ಲಿ 1974ರ ಸಂಯೋಜಿತ ಶಿಕ್ಷಣ ಯೋಜನೆಯು ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ತಂದಿತು. ವಸತಿ ಶಾಲೆಯ ಆವರಣದಲ್ಲೇ ಉಳಿಯುತ್ತಿದ್ದ ಮಗು ದಿನವೂ ಮನೆಯಿಂದ ಶಾಲೆಗೆ ಬರುವಂತಾದಾಗ ಓಡಾಟವೂ ಕಲಿಸಬೇಕಾದ ವಿಷಯವಾಯಿತು. ಚೆನ್ನೈಯಲ್ಲಿ ಪಿ. ಜಯಚಂದ್ರನ್ ಮತ್ತು ವಿಮಲಾ ರೂಪಿಸಿದ ‘ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಂ’ ಎಂಬ ಮೌಲ್ಯಮಾಪನ ಪಟ್ಟಿ ದಕ್ಷಿಣ ಭಾರತದ ವಿಶೇಷ ಶಾಲೆಗಳಲ್ಲಿ ಬಳಕೆಯಲ್ಲಿದೆ. ಅದರ 18 ವಿಭಾಗಗಳ 360 ಅಂಶಗಳಲ್ಲಿ ಸಮಯ, ಹಣ, ಸುತ್ತಲಿನ ಸಮುದಾಯದ ಪರಿಚಯ ಇವು ಬೇರೆ ಬೇರೆ ವಿಭಾಗಗಳಾಗಿದ್ದು, ಪ್ರಯಾಣದ ಪೂರ್ವಸಿದ್ಧತೆಯನ್ನು ಅಳೆಯಲು ಇವು ಆಧಾರವಾಗುತ್ತವೆ.

ಕೊಯಮತ್ತೂರು ವಿಶೇಷ ಶಿಕ್ಷಕರ ತರಬೇತಿಯ ಮುಖ್ಯ ಕೇಂದ್ರಗಳಲ್ಲಿ ಒಂದು. ಮೇಟ್ಟುಪಾಳಯಂ ರಸ್ತೆಯ ಪೆರಿಯನಾಯಕನಪಾಳಯದಲ್ಲಿ ಟಿ. ಎಸ್. ಅವಿನಾಶಿಲಿಂಗಂ 1930ರಲ್ಲಿ ಆರಂಭಿಸಿದ ಶ್ರೀ ರಾಮಕೃಷ್ಣ ಮಿಷನ್ ವಿದ್ಯಾಲಯದ ಆವರಣದಲ್ಲಿ, ರಾಮಕೃಷ್ಣ ಮಿಷನ್ ವಿವೇಕಾನಂದ ಶೈಕ್ಷಣಿಕ ಮತ್ತು ಸಂಶೋಧನಾ ಸಂಸ್ಥೆಯ ವಿಕಲತಾ ನಿರ್ವಹಣೆ ಮತ್ತು ವಿಶೇಷ ಶಿಕ್ಷಣ ನಿಕಾಯವಿದೆ. ನಗರದ ಅವಿನಾಶಿಲಿಂಗಂ ಮಹಿಳಾ ವಿಶ್ವವಿದ್ಯಾಲಯವೂ ವಿಶೇಷ ಶಿಕ್ಷಕರನ್ನು ತಯಾರು ಮಾಡುತ್ತದೆ. ದೃಷ್ಟಿದೋಷವುಳ್ಳವರ ಶಿಕ್ಷಣಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಪರಿಷತ್ತಿನ ಹೊಣೆ ಹೊತ್ತಿದ್ದ ಎಂ. ಎನ್. ಜಿ. ಮಣಿ ಕೊಯಮತ್ತೂರಿನವರು.

ಕಾನೂನಿನ ಆಧಾರ

ಭಾರತವು 2007ರ ಅಕ್ಟೋಬರ್ 1ರಂದು ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯು, ಚಲನಾ ಕೌಶಲಗಳ ತರಬೇತಿಯನ್ನು ವಿಕಲಚೇತನರಿಗೂ ಅವರೊಡನೆ ಕೆಲಸ ಮಾಡುವ ಸಿಬ್ಬಂದಿಗೂ ಕೊಡಬೇಕೆನ್ನುತ್ತದೆ. 1995ರ ಕಾಯ್ದೆಯ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಅದರ 16ನೇ ಕಲಮು ಶಿಕ್ಷಣ ಸಂಸ್ಥೆಗಳು ವಿಕಲಚೇತನ ಮಕ್ಕಳಿಗೆ ವಾಹನ ಸೌಕರ್ಯ ಒದಗಿಸಬೇಕೆಂದೂ, ಹೆಚ್ಚಿನ ಬೆಂಬಲ ಬೇಕಾದ ಮಕ್ಕಳ ಜೊತೆಗಾರರಿಗೂ ಅದನ್ನು ವಿಸ್ತರಿಸಬೇಕೆಂದೂ ಹೇಳುತ್ತದೆ. 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ, ವಾಹನ ಮತ್ತು ರಸ್ತೆಗಳು ಎಲ್ಲರಿಗೂ ಬಳಕೆಯೋಗ್ಯವಾಗಿರಬೇಕೆಂದು ವಿಧಿಸಿ, ವೈಯಕ್ತಿಕ ಓಡಾಟಕ್ಕೆ ನೆರವಾಗುವ ಯೋಜನೆಗಳನ್ನು ಸರ್ಕಾರಗಳು ರೂಪಿಸಬೇಕೆನ್ನುತ್ತದೆ. ‘ಪ್ರಯಾಣ ತರಬೇತಿ’ ಎಂಬ ಪದ ಕಾಯ್ದೆಯಲ್ಲಿ ಇಲ್ಲ.

ಪ್ರಾದೇಶಿಕ ಸಾರಿಗೆ ವ್ಯವಸ್ಥೆ

ಎರಡೂ ಜಿಲ್ಲೆಗಳ ಸರ್ಕಾರಿ ಬಸ್ಸುಗಳನ್ನು ತಮಿಳುನಾಡು ರಾಜ್ಯ ಸಾರಿಗೆ ಸಂಸ್ಥೆಯ ಕೊಯಮತ್ತೂರು ವಿಭಾಗ ಓಡಿಸುತ್ತದೆ. 1972ರಲ್ಲಿ ಸ್ಥಾಪನೆಯಾದ ಇದು 1997ರವರೆಗೆ ಚೇರನ್ ಸಾರಿಗೆ ಸಂಸ್ಥೆ ಎಂಬ ಹೆಸರಿನಲ್ಲಿತ್ತು. ಖಾಸಗಿ ಟೌನ್ ಬಸ್ಸುಗಳೂ ಮಿನಿ ಬಸ್ಸುಗಳೂ ಅದೇ ದಾರಿಗಳಲ್ಲಿ ಓಡುತ್ತವೆ. ಕೊಯಮತ್ತೂರಿನ ಗಾಂಧಿಪುರದಲ್ಲಿ ಟೌನ್ ಬಸ್ಸು, ಹೊರ ಊರಿನ ಬಸ್ಸು ಮತ್ತು ದೂರಪ್ರಯಾಣದ ಸರ್ಕಾರಿ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಪ್ರತ್ಯೇಕ ನಿಲ್ದಾಣಗಳು ಹತ್ತಿರ ಹತ್ತಿರದಲ್ಲಿವೆ. ಪೊಳ್ಳಾಚಿ, ಪಾಲಕ್ಕಾಡ್ ಕಡೆಗೆ ಉಕ್ಕಡಂ, ಪೂರ್ವ ಮತ್ತು ದಕ್ಷಿಣದ ದೂರದ ಊರುಗಳಿಗೆ ಸಿಂಗಾನಲ್ಲೂರು, ಮೇಟ್ಟುಪಾಳಯಂ ಮತ್ತು ಊಟಿ ಕಡೆಗೆ ಮೇಟ್ಟುಪಾಳಯಂ ರಸ್ತೆಯ ನಿಲ್ದಾಣಗಳಿವೆ. ತಿರುಪ್ಪೂರಿನಲ್ಲಿ ಹಳೆಯ ಮತ್ತು ಹೊಸ ಬಸ್ ನಿಲ್ದಾಣಗಳಿದ್ದು, ರೈಲು ಹಳಿಯೂ ನೊಯ್ಯಲ್ ನದಿಯೂ ಊರನ್ನು ಭಾಗ ಮಾಡುತ್ತವೆ. ಹೀಗಾಗಿ ಯಾವ ಬಸ್ಸು ಎಂಬುದರ ಜೊತೆಗೆ ಯಾವ ನಿಲ್ದಾಣ ಎಂಬುದೂ ಪಾಠದ ಭಾಗವಾಗುತ್ತದೆ. ಎರಡು ನಗರಗಳ ನಡುವೆ ಸುಮಾರು 50 ಕಿ.ಮೀ. ಅಂತರವಿದ್ದು, ರೈಲು ಮಾರ್ಗವು ಇರುಗೂರು, ಸೋಮನೂರು, ವಂಜಿಪಾಳಯಂ ಮೂಲಕ ಹಾದುಹೋಗುತ್ತದೆ.

ಕೊಯಮತ್ತೂರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಹಲವು ಸಿಗ್ನಲ್‌ಗಳನ್ನು ತೆಗೆದು ಯು-ತಿರುವು ಮತ್ತು ವೃತ್ತಗಳ ಪದ್ಧತಿ ತರಲಾಗಿದೆ. ಇದರಿಂದ ವಾಹನಗಳು ನಿಲ್ಲದೆ ಸಾಗುತ್ತವೆ. ಕೆಂಪು ದೀಪ ಬಿದ್ದಾಗ ದಾಟುವ ಅವಕಾಶ ಅಂಥ ಕಡೆ ಇರುವುದಿಲ್ಲ. ‘ಕೆಂಪು ಬಂದರೆ ದಾಟು’ ಎಂಬ ಒಂದೇ ನಿಯಮದ ಬದಲು ವಾಹನದ ವೇಗ ಮತ್ತು ದೂರವನ್ನು ಅಂದಾಜು ಮಾಡುವುದನ್ನು, ಇಲ್ಲವೇ ಪೊಲೀಸರಿರುವ ಜಾಗದಲ್ಲಿ, ದಾಟುವ ಇತರರ ಜೊತೆಯಲ್ಲಿ ದಾಟುವುದನ್ನು ಕಲಿಸಬೇಕಾಗುತ್ತದೆ.

ತರಬೇತಿಯ ರಚನೆ

ಮೌಲ್ಯಮಾಪನ. ಕಲಿಯುವವರ ದೃಷ್ಟಿ, ಶ್ರವಣ, ಮಾತು, ನಡಿಗೆ, ಅಪಸ್ಮಾರದಂಥ ತೊಂದರೆ, ಓದು, ಹಣದ ಲೆಕ್ಕ, ಗಡಿಯಾರ ನೋಡುವುದು, ಅಪರಿಚಿತರೊಡನೆ ನಡವಳಿಕೆ ಇವನ್ನು ಮೊದಲು ದಾಖಲಿಸಲಾಗುತ್ತದೆ. ಓದಲು ಬಾರದಿರುವುದು ತರಬೇತಿಗೆ ಅಡ್ಡಿಯಲ್ಲ; ಬಸ್ಸಿನ ಸಂಖ್ಯೆಯನ್ನೂ ಅಕ್ಷರವನ್ನೂ ಚೀಟಿಯಲ್ಲಿ ಬರೆದಿರುವುದಕ್ಕೆ ಹೋಲಿಸಿ ನೋಡಲು ಬಂದರೆ ಸಾಕು.

ದಾರಿಯ ಆಯ್ಕೆ. ಕಲಿಯುವವರು ದಿನವೂ ಹೋಗಬೇಕಾದ ಒಂದು ಜಾಗವನ್ನು ಆರಿಸಲಾಗುತ್ತದೆ. ತರಬೇತುದಾರರು ಅದೇ ಹೊತ್ತಿನಲ್ಲಿ ಮೊದಲು ತಾವು ಆ ದಾರಿಯಲ್ಲಿ ಹೋಗಿ, ಜನಸಂದಣಿ, ದಾಟುವ ಜಾಗ, ಪಾದಚಾರಿ ಮಾರ್ಗದ ಒಡಕು, ನೆರವು ಕೇಳಬಹುದಾದ ಅಂಗಡಿಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಬಸ್ಸು ಬದಲಿಸದೆ ಮುಗಿಯುವ ದಾರಿಗೆ ಮೊದಲ ಆದ್ಯತೆ.

ಹಂತ ವಿಂಗಡಣೆ. ಇಡೀ ಪ್ರಯಾಣವನ್ನು ಸಣ್ಣ ಸಣ್ಣ ಕ್ರಿಯೆಗಳಾಗಿ ಒಡೆಯಲಾಗುತ್ತದೆ. ತುಡಿಯಲೂರಿನಿಂದ ಗಾಂಧಿಪುರಕ್ಕೆ ಟೌನ್ ಬಸ್ಸಿನ ಪ್ರಯಾಣವನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಕ್ರಮ ಹೀಗಿರುತ್ತದೆ: ಗುರುತಿನ ಚೀಟಿ, ಫೋನು, ಚಿಲ್ಲರೆ ಚೀಲದಲ್ಲಿವೆಯೇ ಎಂದು ನೋಡುವುದು, ಮೇಟ್ಟುಪಾಳಯಂ ರಸ್ತೆಯಲ್ಲಿ ನಗರದ ಕಡೆಗೆ ಹೋಗುವ ಬದಿಯ ನಿಲ್ದಾಣದಲ್ಲಿ ನಿಲ್ಲುವುದು, ಬಸ್ಸಿನ ಸಂಖ್ಯೆಯನ್ನೂ ಅದರ ಪಕ್ಕದ ಅಕ್ಷರವನ್ನೂ ಸೇರಿಸಿ ಓದುವುದು, ಕೈ ತೋರಿಸಿ ನಿಲ್ಲಿಸುವುದು, ಇಳಿಯುವವರು ಇಳಿದ ಮೇಲೆ ಕಂಬಿ ಹಿಡಿದು ಹತ್ತುವುದು, ಕಂಡಕ್ಟರಿಗೆ ಇಳಿಯುವ ಜಾಗದ ಹೆಸರು ಹೇಳಿ, ಗುರುತಿನ ಚೀಟಿ ತೋರಿಸಿ ಟಿಕೆಟ್ ಪಡೆಯುವುದು, ತಪಾಸಣೆ ಬಂದರೆ ತೋರಿಸಲು ಅದನ್ನು ಇಳಿಯುವವರೆಗೆ ಇಟ್ಟುಕೊಳ್ಳುವುದು, ಕೌಂಡಂಪಾಳಯಂ, ಸಾಯಿಬಾಬಾ ಕಾಲನಿ ದಾಟಿದ್ದನ್ನು ಗಮನಿಸಿ ಬಾಗಿಲ ಬಳಿಗೆ ಸರಿಯುವುದು, ಬಸ್ಸು ಪೂರ್ತಿ ನಿಂತ ಮೇಲೆ ಇಳಿಯುವುದು. ಅಕ್ಷರ ಬದಲಾದರೆ ಬಸ್ಸು ಹೋಗುವ ಊರೂ ಬದಲಾಗುವುದರಿಂದ ಸಂಖ್ಯೆಯೊಂದನ್ನೇ ನೋಡುವ ಅಭ್ಯಾಸವನ್ನು ಆರಂಭದಲ್ಲೇ ತಿದ್ದಲಾಗುತ್ತದೆ.

ಕಲಿಸುವ ಕ್ರಮ. ತರಗತಿಯಲ್ಲಿ ಚಿತ್ರ, ಫೋಟೋ, ಫೋನಿನಲ್ಲಿ ತೆಗೆದ ವಿಡಿಯೊ ಬಳಸಿ, ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ಸಿನ ಅಭಿನಯ ಮಾಡಿಸಲಾಗುತ್ತದೆ. ಆದರೆ ತರಗತಿಯಲ್ಲಿ ಕಲಿತದ್ದು ರಸ್ತೆಯಲ್ಲಿ ತಾನಾಗಿ ಬರುವುದಿಲ್ಲವಾದ್ದರಿಂದ ಪಾಠದ ಮುಖ್ಯ ಭಾಗ ನಿಜವಾದ ದಾರಿಯಲ್ಲೇ ನಡೆಯುತ್ತದೆ. ಕೆಲವರಿಗೆ ಕೊನೆಯ ಹಂತವನ್ನು ಮೊದಲು ಕಲಿಸುವುದುಂಟು: ಇಳಿದ ನಿಲ್ದಾಣದಿಂದ ಕೇಂದ್ರದ ಬಾಗಿಲವರೆಗೆ ಒಬ್ಬರೇ ನಡೆಯುವುದು ಮೊದಲ ಪಾಠವಾಗಿ, ಹಿಂದಿನ ಹಂತಗಳು ಒಂದೊಂದಾಗಿ ಸೇರುತ್ತವೆ.

ನೆರವು ಇಳಿಸುವುದು. ತರಬೇತುದಾರರು ಮೊದಲು ಪಕ್ಕದಲ್ಲಿ ನಡೆಯುತ್ತಾರೆ. ನಂತರ ಕೆಲವು ಹೆಜ್ಜೆ ಹಿಂದೆ, ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ, ಆಮೇಲೆ ಹಿಂದಿನ ಬಸ್ಸಿನಲ್ಲಿ ಅಥವಾ ದ್ವಿಚಕ್ರ ವಾಹನದಲ್ಲಿ ಹಿಂಬಾಲಿಸಿ ನಿಗಾ ಇಡುತ್ತಾರೆ. ಕೊನೆಯಲ್ಲಿ ತಲುಪಿದ ಕೂಡಲೇ ಮಾಡುವ ಫೋನ್ ಕರೆಯೊಂದೇ ಉಳಿಯುತ್ತದೆ. ಪ್ರತಿ ಹಂತದ ಎದುರು ‘ತಾನಾಗಿ’, ‘ಹೇಳಿದ ಮೇಲೆ’, ‘ಕೈಹಿಡಿದು’ ಎಂದು ಗುರುತು ಹಾಕುವ ದಾಖಲೆಪಟ್ಟಿ ಇರುತ್ತದೆ. ಎಲ್ಲ ಹಂತಗಳೂ ಸತತವಾಗಿ ‘ತಾನಾಗಿ’ ಎಂದು ದಾಖಲಾದ ಮೇಲೆ, ಮನೆಯವರ ಒಪ್ಪಿಗೆಯೊಂದಿಗೆ ಒಂಟಿ ಪ್ರಯಾಣ ಆರಂಭವಾಗುತ್ತದೆ.

ತೊಡಕುಗಳ ಅಭ್ಯಾಸ. ಬಸ್ಸು ಬಾರದಿರುವುದು, ಕೆಟ್ಟು ನಿಲ್ಲುವುದು, ಇಳಿಯುವ ನಿಲ್ದಾಣ ದಾಟಿಹೋಗುವುದು, ಬಂದ್, ರಸ್ತೆ ಕಾಮಗಾರಿಯಿಂದ ನಿಲ್ದಾಣ ಜಾಗ ಬದಲಿಸುವುದು ಇವನ್ನು ಬೇಕೆಂದೇ ಅಭ್ಯಾಸ ಮಾಡಿಸಲಾಗುತ್ತದೆ. ನಿಂತಲ್ಲೇ ನಿಲ್ಲುವುದು, ಸಮವಸ್ತ್ರದಲ್ಲಿರುವ ಪೊಲೀಸರನ್ನೋ ಕಂಡಕ್ಟರನ್ನೋ ಕೇಳುವುದು, ಮನೆಗೆ ಕರೆ ಮಾಡುವುದು ಎಂಬ ಮೂರು ಕ್ರಿಯೆಗಳನ್ನು ಇದೇ ಅನುಕ್ರಮದಲ್ಲಿ ಕಲಿಸುವುದು ವಾಡಿಕೆ.

ಬಗೆಗಳು

ವ್ಯಾಪ್ತಿಯ ದೃಷ್ಟಿಯಿಂದ ತರಬೇತಿ ಮೂರು ಬಗೆ. ಒಂದೇ ದಾರಿಯ ತರಬೇತಿಯಲ್ಲಿ ಮನೆ ಮತ್ತು ಒಂದು ಗುರಿಯ ನಡುವಿನ ಪ್ರಯಾಣವಷ್ಟೇ ಇರುತ್ತದೆ. ಹಲವು ದಾರಿಗಳ ತರಬೇತಿಯಲ್ಲಿ ಬಸ್ಸು ಬದಲಿಸುವುದೂ ಸೇರುತ್ತದೆ. ಸಾಮಾನ್ಯ ತರಬೇತಿ ಪಡೆದವರು ಹೊಸ ದಾರಿಯನ್ನು ತಾವೇ ಕೇಳಿ ತಿಳಿದು ಹೋಗಬಲ್ಲರು.

ವಿಕಲತೆಗೆ ತಕ್ಕಂತೆ ಒತ್ತು ಬದಲಾಗುತ್ತದೆ. ದೃಷ್ಟಿದೋಷವುಳ್ಳವರಿಗೆ ಬಿಳಿಕೋಲಿನ ಬಳಕೆ, ಎಂಜಿನ್ ಶಬ್ದದಿಂದ ಬಸ್ಸಿನ ಬಾಗಿಲು ಗುರುತಿಸುವುದು, ಫೋನಿನ ಸ್ಕ್ರೀನ್ ರೀಡರ್ ಮುಖ್ಯ. ಶ್ರವಣದೋಷವುಳ್ಳವರು ಇಳಿಯುವ ಜಾಗದ ಹೆಸರು ಬರೆದ ಚೀಟಿ ತೋರಿಸುತ್ತಾರೆ. ಹಾರ್ನ್ ಕೇಳಿಸದ ಕಾರಣ ಹಿಂತಿರುಗಿ ನೋಡುವುದನ್ನು ರೂಢಿಸಿಕೊಳ್ಳಬೇಕಾಗುತ್ತದೆ. ಆಟಿಸಂ ಇರುವವರಿಗೆ ಏರ್ ಹಾರ್ನ್, ಖಾಸಗಿ ಬಸ್ಸುಗಳಲ್ಲಿ ಜೋರಾಗಿ ಹಾಕುವ ಸಿನಿಮಾ ಹಾಡು, ನೂಕುನುಗ್ಗಲು ತಡೆಯಲಾಗದಂತಿರಬಹುದು. ಜನ ಕಡಿಮೆ ಇರುವ ಹೊತ್ತಿನಲ್ಲಿ ಆರಂಭಿಸಿ ನಿಧಾನವಾಗಿ ಒಗ್ಗಿಸಲಾಗುತ್ತದೆ. ಚಲನ ವಿಕಲತೆಯುಳ್ಳವರಿಗೆ ಬಸ್ಸಿನ ಮೆಟ್ಟಿಲೇ ನಿರ್ಣಾಯಕ. ನಗರ ಬಸ್ಸುಗಳ ಮಾನದಂಡದಂತೆ ಲೋ ಫ್ಲೋರ್ ಬಸ್ಸಿನ ನೆಲ 400 ಮಿ.ಮೀ., ಸೆಮಿ ಲೋ ಫ್ಲೋರ್ ಬಸ್ಸಿನದು 650 ಮಿ.ಮೀ. ಎತ್ತರದಲ್ಲಿರುತ್ತದೆ, ಹಳೆಯ ಬಸ್ಸುಗಳ ನೆಲ ಇದಕ್ಕಿಂತ ಎತ್ತರ. ಇವರಲ್ಲಿ ಅರ್ಹರಿಗೆ ತಮಿಳುನಾಡು ಸರ್ಕಾರ ಪಕ್ಕದ ಚಕ್ರ ಜೋಡಿಸಿದ ಸ್ಕೂಟರುಗಳನ್ನು ಉಚಿತವಾಗಿ ಕೊಡುತ್ತದೆ.

ರಿಯಾಯಿತಿಗಳು

2021ರಿಂದ ತಮಿಳುನಾಡಿನ ಸರ್ಕಾರಿ ಟೌನ್ ಬಸ್ಸುಗಳಲ್ಲಿ, ಸಾಧಾರಣ ದರದ ಸೇವೆಗಳಲ್ಲಿ ಮಾತ್ರ, ಮಹಿಳೆಯರಂತೆಯೇ ವಿಕಲಚೇತನರಿಗೂ ಅವರ ಒಬ್ಬ ಜೊತೆಗಾರರಿಗೂ ಪ್ರಯಾಣ ಉಚಿತ. ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ಉಚಿತ ಬಸ್ಸನ್ನು ಗುರುತಿಸುವುದು ತರಬೇತಿಯ ಒಂದು ಹಂತ. ಶಾಲೆ, ಆಸ್ಪತ್ರೆ, ತರಬೇತಿ ಮತ್ತು ಕೆಲಸದ ಸ್ಥಳಗಳಿಗೆ ಹೋಗಲು ಉಚಿತ ಬಸ್ ಪಾಸ್, ರಾಜ್ಯದೊಳಗಿನ ದೂರಪ್ರಯಾಣಕ್ಕೆ ಶೇ. 75 ರಿಯಾಯಿತಿ ಇವೆ. ಅರ್ಜಿಗಳನ್ನು ಜಿಲ್ಲಾ ವಿಕಲಚೇತನರ ಕಲ್ಯಾಣ ಕಚೇರಿಯಲ್ಲಿ ಸಲ್ಲಿಸಬೇಕು.

ರೈಲ್ವೆ ನಿಯಮದಲ್ಲಿ ಸಂಪೂರ್ಣ ದೃಷ್ಟಿಹೀನರು ಒಂಟಿಯಾಗಿ ಅಥವಾ ಜೊತೆಗಾರರೊಂದಿಗೆ ಪ್ರಯಾಣಿಸಿದರೂ ರಿಯಾಯಿತಿ ಸಿಗುತ್ತದೆ. ಬೌದ್ಧಿಕ ವಿಕಲತೆ ಮತ್ತು ಚಲನ ವಿಕಲತೆಯ ವರ್ಗಗಳಲ್ಲಿ ‘ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರು’ ಎಂಬುದು ರಿಯಾಯಿತಿಯ ಷರತ್ತು. ಹೀಗಾಗಿ ಒಂಟಿಯಾಗಿ ಹೋಗಿಬರಲು ಕಲಿತ ಬೌದ್ಧಿಕ ವಿಕಲತೆಯುಳ್ಳ ಯುವಜನರು ಆ ಷರತ್ತಿನ ವ್ಯಾಪ್ತಿಯಿಂದ ಹೊರಗುಳಿಯುತ್ತಾರೆ.

ಸಮಗ್ರ ಶಿಕ್ಷಾ ಯೋಜನೆಯು ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂ.ವರೆಗೆ ನೆರವು ನಿಗದಿಪಡಿಸಿದ್ದು, ಪ್ರಯಾಣ ಭತ್ಯೆಯೂ ಜೊತೆಗಾರರ ಭತ್ಯೆಯೂ ಯೋಜನೆಯಲ್ಲಿ ಸೇರಿವೆ.

ಕನ್ನಡ ಮನೆಮಾತಿನ ಕಲಿಕಾರ್ಥಿಗಳು

ಕೊಯಮತ್ತೂರು ನಗರ, ನೂಲಿನ ಸೀರೆಗೆ ಹೆಸರಾದ ನೆಗಮಂ, ರೇಷ್ಮೆ ನೇಯ್ಗೆಯ ಸಿರುಮುಗೈ ಮೊದಲಾದ ಕಡೆಗಳ ದೇವಾಂಗ ಮನೆಗಳ ಮಕ್ಕಳು ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಬಳಸುತ್ತಾರೆ. ಬೌದ್ಧಿಕ ವಿಕಲತೆ ಅಥವಾ ಆಟಿಸಂ ಇರುವ ಮಗುವಿಗೆ ಈ ಬದಲಾವಣೆ ಹೆಚ್ಚುವರಿ ಹೊರೆಯಾಗಬಹುದಾದ ಕಾರಣ, ಕಂಡಕ್ಟರಿಗೆ ಹೇಳಬೇಕಾದ ಮಾತು, ನೆರವು ಕೇಳುವ ಮಾತುಗಳನ್ನು ತಮಿಳಿನಲ್ಲೇ ಒಂದೇ ರೂಪದಲ್ಲಿ ಮನೆಯಲ್ಲೂ ಶಾಲೆಯಲ್ಲೂ ಅಭ್ಯಾಸ ಮಾಡಿಸಬೇಕಾಗುತ್ತದೆ. ಸೂಚನೆ ಮತ್ತು ವಿವರಣೆಯನ್ನು ಮನೆಮಾತಿನಲ್ಲಿ ಕೊಡಬಹುದು. ಬಸ್ಸಿನ ಸಂಖ್ಯೆಗಳು ತಮಿಳುನಾಡು, ಕರ್ನಾಟಕ ಎರಡೂ ರಾಜ್ಯಗಳ ಜನರು ಬಳಸುವ ಅಂಕಿಗಳಲ್ಲೇ ಇರುವುದರಿಂದ ಅವು ಭಾಷೆಯ ತೊಡಕಿಲ್ಲದ ಗುರುತುಗಳು.

ಸತ್ಯಮಂಗಲ, ದಿಂಬಂ ಘಟ್ಟದ ದಾರಿಯಾಗಿ ಚಾಮರಾಜನಗರ ಮತ್ತು ಮೈಸೂರಿಗೆ ಹೋಗುವವರಿಗೆ ರಾಜ್ಯದ ಗಡಿ ದಾಟಿದೊಡನೆ ರಿಯಾಯಿತಿಯ ನಿಯಮ ಬದಲಾಗುತ್ತದೆ. ಕರ್ನಾಟಕದ ವಿಕಲಚೇತನರ ರಿಯಾಯಿತಿ ಪಾಸ್ ಆ ರಾಜ್ಯದ ನಿವಾಸಿಗಳಿಗೆ, ವಾಸಸ್ಥಳದಿಂದ 100 ಕಿ.ಮೀ. ಒಳಗಿನ ಪ್ರಯಾಣಕ್ಕೆ ಸೀಮಿತ.

ಸುರಕ್ಷತೆ

ಹೆಸರು ಮತ್ತು ಮನೆಯವರ ಫೋನ್ ಸಂಖ್ಯೆಯುಳ್ಳ ಚೀಟಿಯನ್ನು ಕೊರಳಿಗೆ ತೂಗುಹಾಕದೆ ಒಳಜೇಬಿನಲ್ಲಿ ಇಡಿಸಲಾಗುತ್ತದೆ. ಎಲ್ಲರಿಗೂ ಕಾಣುವ ಚೀಟಿ ದುರುಪಯೋಗಕ್ಕೆ ದಾರಿಯಾಗಬಹುದು. ಯಾರನ್ನು ಕೇಳಬಹುದು, ಯಾರ ಜೊತೆ ಹೋಗಬಾರದು, ಮೈಮುಟ್ಟಿದರೆ ಏನು ಮಾಡಬೇಕು ಎಂಬುದು ಪಾಠದ ಭಾಗ. ತುರ್ತು ಕರೆಗೆ 112, ಮಕ್ಕಳ ಸಹಾಯವಾಣಿಗೆ 1098 ಸಂಖ್ಯೆಗಳಿವೆ. 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧಗಳಿಗೆ 2012ರ ಪೋಕ್ಸೋ ಕಾಯ್ದೆ ಅನ್ವಯಿಸುತ್ತದೆ. ಅಪಸ್ಮಾರ ಹತೋಟಿಯಲ್ಲಿಲ್ಲದವರಿಗೆ ವೈದ್ಯರ ಸಲಹೆಯಿಲ್ಲದೆ ಒಂಟಿ ಪ್ರಯಾಣದ ತರಬೇತಿ ಆರಂಭಿಸುವುದಿಲ್ಲ.

ಉಪಯೋಗಗಳು

ತರಬೇತಿಯ ನೇರ ಪ್ರಯೋಜನ ಶಿಕ್ಷಣ ಮತ್ತು ಉದ್ಯೋಗ. ತಿರುಪ್ಪೂರಿನ ‘ಬನಿಯನ್ ಕಂಪನಿ’ಗಳಲ್ಲಿ ಹೆಣಿಗೆ ಉಡುಪಿನ ದಾರ ಕತ್ತರಿಸುವುದು, ಮಡಚುವುದು, ಪ್ಯಾಕಿಂಗ್ ಮೊದಲಾದ ಒಂದೇ ಕ್ರಮದಲ್ಲಿ ಮರುಕಳಿಸುವ ಕೆಲಸಗಳಿವೆ. ಕಂಪನಿಯ ವ್ಯಾನ್ ಬರುವ ಕಡೆ ನಿಗದಿತ ಜಾಗಕ್ಕೆ ನಿಗದಿತ ಹೊತ್ತಿಗೆ ತಲುಪುವುದನ್ನು ಕಲಿತರೆ ಸಾಕು. ಬರದ ಕಡೆ ಟೌನ್ ಬಸ್ಸಿನ ತರಬೇತಿ ಬೇಕು. ಈ ಕಂಪನಿಗಳಲ್ಲಿ ಕೂಲಿಯನ್ನು ಶಿಫ್ಟಿನ ಲೆಕ್ಕದಲ್ಲಿ ಎಣಿಸುತ್ತಾರೆ. ‘ಒಂದೂವರೆ ಶಿಫ್ಟ್’ ಮಾಡುವವರು ಕತ್ತಲಾದ ಮೇಲೆ ಮನೆಗೆ ಹೊರಡುತ್ತಾರೆ. ಹಗಲಿನಲ್ಲಿ ಕಲಿತ ಗುರುತುಗಳು ರಾತ್ರಿ ಕಾಣದಿರುವುದರಿಂದ ಮರುಪ್ರಯಾಣವನ್ನು ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಮಗುವನ್ನು ಕರೆತರಲು, ಕರೆದೊಯ್ಯಲು ದಿನವೂ ಹೋಗುತ್ತಿದ್ದ ಪೋಷಕರಿಗೆ ಆ ಹೊತ್ತು ದುಡಿಮೆಗೆ ಸಿಗುತ್ತದೆ.

ಇಂದಿನ ಸ್ಥಿತಿ

ಭಾರತೀಯ ಪುನರ್ವಸತಿ ಪರಿಷತ್ತು ನೋಂದಣಿಗಾಗಿ ಗುರುತಿಸಿರುವ 16 ವೃತ್ತಿ ವರ್ಗಗಳಲ್ಲಿ ಚಲನವಲನ ತಜ್ಞರದೂ ಒಂದು. ಬೌದ್ಧಿಕ ವಿಕಲತೆ ಅಥವಾ ಆಟಿಸಂ ಇರುವವರಿಗೆ ಪ್ರಯಾಣ ಕಲಿಸುವವರಿಗೆ ಪ್ರತ್ಯೇಕ ವರ್ಗವಿಲ್ಲ. ವಿಶೇಷ ಶಿಕ್ಷಕರು, ಔದ್ಯೋಗಿಕ ತರಬೇತುದಾರರು ಮತ್ತು ಪೋಷಕರು ದೈನಂದಿನ ಜೀವನ ಕೌಶಲಗಳ ಭಾಗವಾಗಿ ಅದನ್ನು ಕಲಿಸುತ್ತಾರೆ. ಸರ್ಕಾರಿ ನೆರವಿನ ಬಹುಭಾಗ ಉಚಿತ ಟಿಕೆಟ್, ಭತ್ಯೆ, ಸಾಧನಗಳ ರೂಪದಲ್ಲಿದೆ.

ತಮಿಳುನಾಡು ಸರ್ಕಾರ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ‘ರೈಟ್ಸ್’ ಯೋಜನೆಯನ್ನು ಕೈಗೊಂಡು, ಪುನರ್ವಸತಿ ಸೇವೆಗಳನ್ನು ಒಂದೇ ಕಡೆ ಒದಗಿಸುವ ‘ವಿಳುದುಗಳ್’ ಕೇಂದ್ರಗಳನ್ನು ತೆರೆಯುತ್ತಿದೆ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಹಣಕಾಸಿನ ಲೋ ಫ್ಲೋರ್ ಬಸ್ಸುಗಳ ಯೋಜನೆಯಲ್ಲಿ ಚೆನ್ನೈ, ಮದುರೈಗಳೊಂದಿಗೆ ಕೊಯಮತ್ತೂರೂ ಸೇರಿದೆ. ನೆರೆಯ ಕರ್ನಾಟಕದ ಮೈಸೂರಿನಲ್ಲಿ ನಗರ ಸಾರಿಗೆ ಬಸ್ಸುಗಳಿಗೆ ‘ಧ್ವನಿ ಸ್ಪಂದನ’ ಎಂಬ ಸಾಧನ ಅಳವಡಿಸಲಾಗಿದ್ದು, ದೃಷ್ಟಿಹೀನ ಪ್ರಯಾಣಿಕರು ಕೈಯಲ್ಲಿರುವ ಗುಂಡಿ ಒತ್ತಿ ಬಸ್ಸಿನ ಸಂಖ್ಯೆಯನ್ನು ಕೇಳಿಸಿಕೊಳ್ಳಬಹುದು. ಇಂಥ ಸಾಧನಗಳು ಬಸ್ಸನ್ನು ಗುರುತಿಸುವ ಹಂತವನ್ನು ಸುಲಭಗೊಳಿಸುತ್ತವೆ. ರಸ್ತೆ ದಾಟುವುದು, ಇಳಿಯುವ ಜಾಗ ತಿಳಿಯುವುದು, ದಾರಿ ತಪ್ಪಿದಾಗ ನೆರವು ಕೇಳುವುದು ಈಗಲೂ ತರಬೇತಿಯಿಂದಲೇ ಬರಬೇಕಾದ ಕೌಶಲಗಳು.